ಓದುಗರ ಪ್ರಶ್ನೆ: ಸಭೆಯ ಓದು ಬಳಗಕ್ಕೆ ಯಾವ ಪುಸ್ತಕ?

ಪ್ರಶ್ನೆ: ಟೀಚರ್, ವಂದನೆಗಳು. ನಮ್ಮದು ಚಿಕ್ಕಮಗಳೂರಿನ ಒಂದು ಸಣ್ಣ ಕ್ರೈಸ್ತ ಸಭೆ. ಹೋದ ವರ್ಷ ಓದು ಬಳಗ ಶುರು ಮಾಡಿದೆವು. ಸ್ತ್ರೀಯರ ಕೂಟದವರು, ಯೌವನಸ್ಥರು ಎಲ್ಲಾ ಸೇರಿ ಹದಿನೈದು ಜನ. ಮೊದಲು ತಗೊಂಡಿದ್ದು ಹೊರದೇಶದ ಬೋಧಕರೊಬ್ಬರ ದಪ್ಪ ಪುಸ್ತಕ, ಕನ್ನಡ ಅನುವಾದ. ಮೂರನೇ ಅಧ್ಯಾಯ ಮುಗಿಯುವಷ್ಟರಲ್ಲಿ ಅರ್ಧ ಜನ ಬರೋದನ್ನೇ ನಿಲ್ಲಿಸಿದರು. ನಮ್ಮಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರಿದ್ದಾರೆ. ಕಣ್ಣು ಮಂಜಾದ ಅಜ್ಜಿ ಒಬ್ಬರಿದ್ದಾರೆ. ಎಸ್ಟೇಟಿನಿಂದ ಬರುವ ಇಬ್ಬರು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಬ್ಯಾಂಕಿನಿಂದ ರಿಟೈರ್ ಆದ ಅಣ್ಣ ಒಬ್ಬರು ಇಂಗ್ಲಿಷ್ ಪುಸ್ತಕವೇ ಆಗಬೇಕು ಅಂತಾರೆ. ನಮ್ಮ ಪಾದ್ರಿ ಅಯ್ಯನವರು ಭಕ್ತಿಯ ಪುಸ್ತಕ ಸಾಕು ಅಂತಾರೆ. ಹುಡುಗರಿಗೆ ಕಾದಂಬರಿ ಬೇಕು. ಎಲ್ಲರಿಗೂ ಒಪ್ಪಿಗೆಯಾಗುವ ಪುಸ್ತಕ ಯಾವುದು ಟೀಚರ್?
– ಸ್ತ್ರೀಯರ ಕೂಟದ ಕಾರ್ಯದರ್ಶಿ, ಚಿಕ್ಕಮಗಳೂರು

ಉತ್ತರ: ನೋಡಮ್ಮ, ಎಲ್ಲರಿಗೂ ಒಪ್ಪಿಗೆಯಾಗುವ ಪುಸ್ತಕ ಹುಡುಕೋದನ್ನು ಮೊದಲು ಬಿಡಿ. ಎಲ್ಲರೂ ‘ಹೌದು ಹೌದು’ ಅಂತ ತಲೆಯಾಡಿಸುವ ಪುಸ್ತಕ ತಂದರೆ ಹತ್ತು ನಿಮಿಷಕ್ಕೆ ಮಾತು ಮುಗಿಯುತ್ತದೆ. ಆಮೇಲೆ ಟೀ ಕುಡಿದು ಮನೆಗೆ ಹೋಗೋದೇ. ಒಂದೇ ಬೆಂಚಿನಲ್ಲಿ ಕೂತು ಒಂದೇ ಕೀರ್ತನೆ ಹಾಡುವ ಇಬ್ಬರು ಒಂದು ಕತೆ ಓದಿ ‘ಅವನು ಮಾಡಿದ್ದು ಸರಿ’, ‘ಇಲ್ಲ ಕಣ್ರೀ, ತಪ್ಪು’ ಅಂತ ಮನಸ್ಸು ಬಿಚ್ಚಿ ವಾದ ಮಾಡಬೇಕು. ಅಂಥ ಪುಸ್ತಕ ಬೇಕು ನಿಮಗೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಿಮ್ಮ ಪತ್ರ ಓದುವಾಗ ನನ್ನ ಮನಸ್ಸು ನಿಂತಿದ್ದು ಆ ಎಸ್ಟೇಟಿನ ಇಬ್ಬರ ಹತ್ತಿರ. ಪುಸ್ತಕ ಆರಿಸುವಾಗ ಅವರನ್ನು ಎದುರಿಗೆ ಕೂರಿಸಿಕೊಂಡು ಆರಿಸಿ. ಬ್ಯಾಂಕಿನ ಅಣ್ಣನವರು ಯಾವ ಪುಸ್ತಕ ಕೊಟ್ಟರೂ ಓದಿಕೊಳ್ಳುತ್ತಾರೆ. ಅವರಿಬ್ಬರು ಒಂದು ಸಲ ‘ಇದು ನಮ್ಮಂಥವರಿಗಲ್ಲ’ ಅಂದುಕೊಂಡು ಎದ್ದು ಹೋದರೆ ವಾಪಸ್ ಬರೋದು ಕಷ್ಟ. ನಿಮ್ಮಲ್ಲಿ ಬಿಟ್ಟು ಹೋದ ಅರ್ಧ ಜನ ಯಾರು ಅಂತ ನೀವು ಬರೆದಿಲ್ಲ. ಅವರಿಬ್ಬರೂ ಅದರಲ್ಲಿದ್ದರೆ ಈ ವಾರವೇ ಹೋಗಿ ಮಾತಾಡಿಸಿಕೊಂಡು ಬನ್ನಿ.

ಹಾಗಾದರೆ ದಾರಿ ಏನು? ಗಟ್ಟಿಯಾಗಿ ಓದಿ. ಮನೆಯಲ್ಲಿ ಓದಿಕೊಂಡು ಬರಬೇಕು ಅನ್ನುವ ನಿಯಮ ಕಾಲೇಜಿನವರಿಗೆ ಸರಿ, ಸಭೆಯ ಬಳಗಕ್ಕೆ ಹೊಂದುವುದಿಲ್ಲ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ ನೆನಪಿದೆಯಲ್ವಾ? ಐಥಿಯೋಪ್ಯದ ಕಂಚುಕಿ, ಅಂದರೆ ರಾಣಿಯ ಆಸ್ಥಾನದ ಅಧಿಕಾರಿ, ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಾ ಹೋಗುತ್ತಿದ್ದ. ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನಿಗೆ ಅದು ಕೇಳಿಸಿತು. ಅಂದರೆ ಅವನು ಬಾಯಿಬಿಟ್ಟು ಓದುತ್ತಿದ್ದ. ಕೇಳಿಸಿದ್ದಕ್ಕೇ ಫಿಲಿಪ್ಪ ಪಕ್ಕದಲ್ಲಿ ಓಡಿಬಂದು, ಓದುತ್ತಿರುವುದು ಅರ್ಥವಾಗುತ್ತಿದೆಯಾ ಅಂತ ಕೇಳಿದ. ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ಅರ್ಥವಾದೀತು ಅಂತ ಅವನು ಫಿಲಿಪ್ಪನನ್ನು ರಥ ಹತ್ತಿಸಿಕೊಂಡ. ನಮ್ಮ ಓದು ಬಳಗಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಇಲ್ಲಿ ಹಾಸನದಲ್ಲಿ ನಮ್ಮ ಬಳಗದಲ್ಲಿ ಓದುವವರು ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. ಗಂಟಲು ದೊಡ್ಡದು. ಅಲ್ಪವಿರಾಮಕ್ಕೆ ನಿಲ್ಲುತ್ತಾರೆ, ಪೂರ್ಣವಿರಾಮಕ್ಕೆ ಕನ್ನಡಕದ ಮೇಲಿಂದ ನಮ್ಮನ್ನೆಲ್ಲ ಒಂದು ಸುತ್ತು ನೋಡುತ್ತಾರೆ. ಮಾತುಕತೆ ಬಂದಾಗ ಒಬ್ಬೊಬ್ಬರಿಗೆ ಒಂದೊಂದು ಸ್ವರ ಕೊಡುತ್ತಾರೆ. ಅವರು ಓದುವಾಗ ಹೊರಗೆ ಆಡುತ್ತಿದ್ದ ಮಕ್ಕಳೂ ಬಾಗಿಲಿಗೆ ಬಂದು ನಿಂತಿದ್ದನ್ನು ನೋಡಿದ್ದೀನಿ. ನಿಮ್ಮ ಸಭೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಆರಾಧನೆಯಲ್ಲಿ ಪಾಠ ಓದುವವರಲ್ಲಿ ಹುಡುಕಿ. ಆಗ ಕಣ್ಣು ಮಂಜಾದ ಅಜ್ಜಿಯೂ ಎಲ್ಲರ ಸಮಕ್ಕೆ ಕೂರುತ್ತಾರೆ.

ಈಗ ಪುಸ್ತಕಕ್ಕೆ ಬರೋಣ.

ಮೊದಲ ಸಲ ಪುಸ್ತಕವೇ ಬೇಡ, ಒಂದು ಕತೆ ಸಾಕು. ಟಾಲ್‌ಸ್ಟಾಯ್ 1886ರಲ್ಲಿ ಬರೆದ ಕತೆ ಒಂದಿದೆ. ಒಬ್ಬ ಮನುಷ್ಯನಿಗೆ ಎಷ್ಟು ಭೂಮಿ ಬೇಕು ಅನ್ನೋದೇ ಅದರ ಪ್ರಶ್ನೆ. ಅವರ ಕತೆಗಳ ಕನ್ನಡ ಸಂಗ್ರಹಗಳಲ್ಲಿ ಹುಡುಕಿ. ಪಾಹೋಮ್ ಅಂತ ಒಬ್ಬ ರೈತ. ಸಾವಿರ ರೂಬಲ್ ಕೊಟ್ಟರೆ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ನಡೆದು ಸುತ್ತು ಹಾಕಿದಷ್ಟು ಜಮೀನು ಅವನದು ಅಂತ ಮಾತು. ಮುಳುಗುವುದರೊಳಗೆ ಹೊರಟ ಜಾಗಕ್ಕೆ ಬಂದು ಮುಟ್ಟಬೇಕು, ಇಲ್ಲದಿದ್ದರೆ ದುಡ್ಡೂ ಇಲ್ಲ, ಜಮೀನೂ ಇಲ್ಲ. ಗುರುತಿಗೆ ಜಮೀನಿನವರ ಮುಖಂಡ ತನ್ನ ನರಿಚರ್ಮದ ಟೋಪಿಯನ್ನು ಗುಡ್ಡದ ಮೇಲೆ ಇಟ್ಟಿರುತ್ತಾನೆ. ಪಾಹೋಮ್ ನಡೆಯುತ್ತಾನೆ. ಅಲ್ಲೊಂದು ತಗ್ಗು ಚೆನ್ನಾಗಿದೆ, ಅದನ್ನೂ ಸೇರಿಸಿಕೊಳ್ಳೋಣ ಅಂತ ಇನ್ನಷ್ಟು ದೂರ ಹೋಗುತ್ತಾನೆ. ಸಂಜೆ ಓಡಿ ಬಂದು ಟೋಪಿ ಮುಟ್ಟುವಾಗ ಬಿದ್ದು ಸಾಯುತ್ತಾನೆ. ಜಮೀನಿನ ಗುರುತು ಮಾಡಲು ಒಯ್ದಿದ್ದ ಸನಿಕೆಯಲ್ಲೇ ಆಳು ಅವನಿಗೆ ಗುಂಡಿ ತೋಡುತ್ತಾನೆ.

ಈ ಕತೆಯನ್ನು ಚಿಕ್ಕಮಗಳೂರಲ್ಲಿ ಓದಿ ನೋಡಿ! ಒತ್ತುವರಿ ಅನ್ನುವ ಮಾತು ಗೊತ್ತಿಲ್ಲದ ಮನೆ ನಿಮ್ಮ ಜಿಲ್ಲೆಯಲ್ಲಿ ಇದೆಯಾ? ತೋಟ ಇರುವವರೂ, ತೋಟದಲ್ಲಿ ಕೂಲಿ ಮಾಡುವವರೂ, ಮೂರು ಸೆಂಟ್ಸ್ ಸೈಟಿಗಾಗಿ ಅರ್ಜಿ ಹಾಕಿ ಕೂತವರೂ ಒಂದೇ ಹಾಲ್‌ನಲ್ಲಿ ಇದ್ದೀರಿ. ‘ದುರಾಸೆ ಕೆಟ್ಟದ್ದು’ ಅಂತ ಯಾರೋ ಶುರುವಿನಲ್ಲೇ ಹೇಳಿ ಮುಗಿಸಲು ನೋಡುತ್ತಾರೆ. ಬಿಡಬೇಡಿ. ‘ಸರಿ, ಪಾಹೋಮ್ ಎಲ್ಲಿ ನಿಲ್ಲಬೇಕಿತ್ತು? ಯಾವ ತಿರುವಿನಲ್ಲಿ ತಿರುಗಬೇಕಿತ್ತು?’ ಅಂತ ಕೇಳಿ. ಅವನು ಹೊಟ್ಟೆಗಿಲ್ಲದೆ ಹೊರಟವನೂ ಅಲ್ಲ, ಕಳ್ಳನೂ ಅಲ್ಲ. ಕಷ್ಟಪಟ್ಟು ದುಡಿಯುವವನು. ಅದಕ್ಕೇ ಈ ಕತೆ ಚುಚ್ಚುತ್ತದೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಓದಿ ಮುಗಿಸಬಹುದು. ಅಯ್ಯನವರಿಗೂ ಇದು ಭಕ್ತಿಯ ಹೊರಗಿನದು ಅನ್ನಿಸುವುದಿಲ್ಲ. ಲೂಕನ ಸುವಾರ್ತೆಯಲ್ಲಿ ಕಣಜ ಕಿತ್ತು ದೊಡ್ಡದು ಕಟ್ಟಿಸಲು ಹೊರಟ ಐಶ್ವರ್ಯವಂತನನ್ನು ಅವರೇ ನೆನಪು ಮಾಡಿಕೊಳ್ಳುತ್ತಾರೆ.

ಎರಡನೆಯದು ಕಾರಂತರ ‘ಚೋಮನ ದುಡಿ’. ಇದನ್ನು ಸುಮ್ನೆ ಹೇಳುತ್ತಿಲ್ಲ. 1933ರ ಪುಸ್ತಕ, ಚಿಕ್ಕದು. ಎಷ್ಟೋ ಜನ ಸಿನಿಮಾ ನೋಡಿದ್ದಾರೆ, ಪುಸ್ತಕ ಓದಿಲ್ಲ. ಕ್ರೈಸ್ತ ಸಭೆಗಳು ಈ ಪುಸ್ತಕವನ್ನು ಕೈಗೆತ್ತಿಕೊಳ್ಳುವುದೇ ಕಡಿಮೆ, ನಾವೇ ಮೊದಲು ಓದಬೇಕಾದದ್ದು ಇದು. ಚೋಮನಿಗೆ ಎರಡು ಎತ್ತಿವೆ, ಉಳಲು ನೆಲ ಇಲ್ಲ. ಹುಟ್ಟಿದ ಜಾತಿಯ ಕಾರಣಕ್ಕೆ ಧಣಿಯ ಮನೆಯಲ್ಲಿ ಗೇಣಿಗೂ ಕೊಡುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಬರುತ್ತಾರೆ. ಅದು ನಿಮ್ಮ ಕಡೆಯದೇ ಬದುಕು. ಒಬ್ಬ ಮಗ ಜ್ವರದಲ್ಲಿ ಸಾಯುತ್ತಾನೆ. ಇನ್ನೊಬ್ಬ ಕ್ರೈಸ್ತರ ಹುಡುಗಿಯನ್ನು ಮದುವೆಯಾಗಿ ಆ ಮತಕ್ಕೆ ಸೇರುತ್ತಾನೆ. ಮಗಳು ಬೆಳ್ಳಿಯ ಬದುಕನ್ನು ಹಾಳು ಮಾಡುವವನು ತೋಟದ ಲೆಕ್ಕ ಬರೆಯುವ ರೈಟರ್ ಮನ್ವೇಲ. ಅವನೂ ಕ್ರೈಸ್ತನೇ. ಕೊನೆಗೆ ನೆಲದ ಆಸೆಗೆ ಚೋಮನೂ ಪಾದ್ರಿಗಳ ಕಡೆ ಹೊರಡುತ್ತಾನೆ. ದಾರಿಯಲ್ಲಿ ತನ್ನ ದೈವದ ನೆನಪು ಅವನನ್ನು ಹಿಂದಕ್ಕೆ ಎಳೆಯುತ್ತದೆ.

ನಾವು ಇದನ್ನು ಓದಿದಾಗ ಹಾಲ್‌ನಲ್ಲಿ ಆದದ್ದು ಹೇಳುತ್ತೀನಿ. ಮನ್ವೇಲನ ಭಾಗ ಬಂದಾಗ ಒಬ್ಬ ಹಿರಿಯರಿಗೆ ಸಿಟ್ಟು ಬಂತು. ‘ನಮ್ಮವರನ್ನು ಇಷ್ಟು ಕೆಟ್ಟದಾಗಿ ಬರೆದಿದ್ದಾರೆ, ಇದನ್ನು ದೇವಾಲಯದ ಪಕ್ಕದಲ್ಲಿ ಕೂತು ಓದಬೇಕಾ?’ ಅಂದರು. ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ, ಸಾಮಾನ್ಯವಾಗಿ ಬಾಯಿ ಬಿಡದವರು, ಎದ್ದು ನಿಂತೇ ಮಾತಾಡಿದರು. ‘ನಮ್ಮ ತಾತ ಘಟ್ಟದ ಕೆಳಗಿಂದ ಬರಿಗೈಲಿ ತೋಟಕ್ಕೆ ಬಂದವರು. ಯಾವ ಕಷ್ಟಕ್ಕೆ ಬಂದರು, ಯಾವ ಆಸೆಗೆ ಸಭೆಗೆ ಸೇರಿದರು ಅಂತ ಮನೆಯಲ್ಲಿ ಯಾರೂ ಹೇಳಲಿಲ್ಲ. ಈ ಪುಸ್ತಕ ಕೇಳುವಾಗ ನಮ್ಮ ತಾತನ ಕತೆ ಕೇಳಿದ ಹಾಗಾಯ್ತು. ರೈಟರ್‌ಗಳು ಹಾಗೇ ಇದ್ದರು, ನನ್ನ ಅಜ್ಜಿ ಹೇಳಿದ್ದಾರೆ.’ ಆ ಹಿರಿಯರು ಕೂತರು. ಮುಂದಿನ ವಾರ ಮೊದಲು ಬಂದವರೂ ಅವರೇ. ಮನ್ವೇಲ ಆರಾಧನೆಗೆ ಬರುತ್ತಿದ್ದನಾ, ಬಂದರೆ ಬೆಳ್ಳಿ ಅವನ ಪಕ್ಕದ ಬೆಂಚಿನಲ್ಲಿ ಹೇಗೆ ಕೂರಬೇಕಿತ್ತು ಅಂತ ಅವರೇ ಪ್ರಶ್ನೆ ಎತ್ತಿದರು. ಆವತ್ತು ಹಾಲ್‌ಗೆ ಬೀಗ ಹಾಕುವಾಗ ಕತ್ತಲಾಗಿತ್ತು.

ಅನ್ನಕ್ಕೆ, ನೆಲಕ್ಕೆ, ಮರ್ಯಾದೆಗೆ ಅಂತ ಬಂದವನ ನಂಬಿಕೆ ಕಡಿಮೆಯದಾ? ಈ ಪ್ರಶ್ನೆಯನ್ನು ಹೊರಗಿನವರು ನಮ್ಮನ್ನು ಬಯ್ಯಲು ಕೇಳುತ್ತಾರೆ. ನಾವು ನಮ್ಮೊಳಗೆ ಪ್ರೀತಿಯಿಂದ ಕೇಳಿಕೊಳ್ಳಲು ಒಂದು ಜಾಗ ಬೇಕು. ಪುಲ್ಪಿಟ್‌ನಲ್ಲಿ ಅದಕ್ಕೆ ಜಾಗ ಇಲ್ಲ, ಓದು ಬಳಗದಲ್ಲಿ ಇದೆ.

ಮೂರನೆಯದಾಗಿ ಒಬ್ಬ ಹೆಣ್ಣುಮಗಳ ಬದುಕು ಓದಿ ಅನ್ನುತ್ತೀನಿ. ಪಂಡಿತಾ ರಮಾಬಾಯಿ ಅಂದರೆ ಪುಣೆಯ ಕಡೆಯವರು ಅಂತ ನಮ್ಮವರು ತಿಳಿದುಕೊಂಡಿದ್ದಾರೆ. ಅವರು ಹುಟ್ಟಿದ್ದು 1858ರಲ್ಲಿ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ! ನಿಮ್ಮ ಜಿಲ್ಲೆಯ ಬೆಟ್ಟದಲ್ಲಿ! ಅಪ್ಪ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸಿದ್ದು ಅವರ ಸುತ್ತಲಿನವರಿಗೆ ಸಹಿಸಲಿಲ್ಲ, ಅದಕ್ಕೇ ಕಾಡಿಗೆ ಹೋಗಿ ಮನೆ ಮಾಡಿದ್ದರು. ಅಮ್ಮ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು. ಆರು ತಿಂಗಳ ಕೂಸಾಗಿದ್ದಾಗ ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಕೆಳಗೆ ಇಳಿಸಿದರಂತೆ. ಆಮೇಲೆ ವರ್ಷಗಟ್ಟಲೆ ತೀರ್ಥಯಾತ್ರೆ, ಪುರಾಣ ಹೇಳಿ ಹೊಟ್ಟೆ ಹೊರೆಯುವುದು. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಹೋದರು. ಉಳಿದ ಅಣ್ಣನ ಜೊತೆ ನಡೆದು ಕಲ್ಕತ್ತಾ ಸೇರಿದಾಗ ಅಲ್ಲಿನ ವಿದ್ವಾಂಸರು ಪರೀಕ್ಷೆ ಮಾಡಿ ‘ಪಂಡಿತಾ’ ಅಂತ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ. ಕೊನೆಗೆ ಪುಣೆ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಅನ್ನುವ ಆಶ್ರಮ. ಇಡೀ ಬೈಬಲನ್ನು ಮರಾಠಿಗೆ ತಂದರು. 1922ರಲ್ಲಿ ತೀರಿಕೊಂಡರು.

ನನಗೆ ಅವರು ಇಷ್ಟವಾಗೋದು ಇನ್ನೊಂದು ಕಾರಣಕ್ಕೆ. ದೀಕ್ಷಾಸ್ನಾನ ಆದ ಮೇಲೂ ಅವರು ಪ್ರಶ್ನೆ ಕೇಳೋದನ್ನು ಬಿಡಲಿಲ್ಲ. ಇಂಗ್ಲೆಂಡಿನಲ್ಲಿ ತಮಗೆ ತಾಯಿಯಂತಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಪತ್ರ ಬರೆದು ವಾದ ಮಾಡಿದರು. ನನ್ನ ಮನಸ್ಸಾಕ್ಷಿಯನ್ನು ಯಾವ ಗುರುಗಳ ಕೈಗೂ ಒಪ್ಪಿಸೋದಿಲ್ಲ ಅನ್ನುವ ಧೋರಣೆ. ನಿಮ್ಮ ಕಾಲೇಜು ಹುಡುಗಿಯರಿಗೆ ಇದನ್ನು ಕೇಳಿಸಿ.

ಇಲ್ಲಿಯೇ ಬ್ಯಾಂಕಿನ ಅಣ್ಣನವರಿಗೆ ಕೆಲಸ ಕೊಡಿ. ರಮಾಬಾಯಿ ತಮ್ಮ ನಂಬಿಕೆಯ ಕತೆಯನ್ನು ಇಂಗ್ಲಿಷಿನಲ್ಲಿ ಸಣ್ಣ ಪುಸ್ತಕವಾಗಿ ಬರೆದಿದ್ದಾರೆ, 1907ರಲ್ಲಿ ಬಂದದ್ದು. ಅಣ್ಣನವರು ಅದನ್ನು ಓದಿಕೊಂಡು ಬಂದು ಕನ್ನಡದಲ್ಲಿ ಹೇಳಲಿ, ಭಾಗ ಭಾಗವಾಗಿ. ಇಂಗ್ಲಿಷ್ ಬೇಕು ಅನ್ನುವ ಅವರ ಆಸೆಯೂ ತೀರುತ್ತದೆ, ಅಜ್ಜಿಗೂ ಕತೆ ಸಿಗುತ್ತದೆ. ಅವರಿಂದ ಜಗಳ ಬರುತ್ತದೆ ಅಂತ ನೀವು ಹೆದರಿದ ಹಾಗಿದೆ. ನನಗೆ ಅವರು ನಿಮ್ಮ ಬಳಗದ ಆಸ್ತಿ ಅನ್ನಿಸುತ್ತಾರೆ.

ಅಯ್ಯನವರ ವಿಷಯ. ಅವರ ಕಾಳಜಿಯನ್ನು ತಳ್ಳಿಹಾಕಬೇಡಿ. ಸಭೆಯ ಹೆಸರಿನಲ್ಲಿ ನಡೆಯುವುದಕ್ಕೆ ಅವರು ಉತ್ತರ ಹೇಳಬೇಕಾಗುತ್ತದೆ. ಪುಸ್ತಕವನ್ನು ಹದಿನೈದು ದಿನ ಮೊದಲೇ ಅವರ ಕೈಗೆ ಕೊಡಿ, ಓದಿ ಬರಲಿ. ಕೂಟದಲ್ಲಿ ಮಾತ್ರ ಅವರು ಕೊನೆಗೆ ಮಾತಾಡಲಿ ಅಂತ ವಿನಯದಿಂದ ಕೇಳಿಕೊಳ್ಳಿ. ಅಯ್ಯನವರು ಮೊದಲು ಮಾತಾಡಿದರೆ ಉಳಿದವರೆಲ್ಲ ಪ್ರಸಂಗ ಕೇಳುವ ಹಾಗೆ ಕೈಕಟ್ಟಿ ಕೂರುತ್ತಾರೆ. ತಪ್ಪು ಅವರದಲ್ಲ, ನಮ್ಮ ಅಭ್ಯಾಸ ಹಾಗಿದೆ.

ಇನ್ನು ಸಣ್ಣ ಪುಟ್ಟ ವಿಷಯ. ಯಾರೇ ಪುಸ್ತಕ ಸೂಚಿಸಲಿ, ಅವರು ಅದನ್ನು ಪೂರ್ತಿ ಓದಿರಬೇಕು. ‘ಚೆನ್ನಾಗಿದೆಯಂತೆ’ ಅನ್ನುವ ಮಾತಿನ ಮೇಲೆ ಆರಿಸಬೇಡಿ. ತೀರ್ಮಾನ ಮಾಡುವ ಮೊದಲು ನಡುವಿನ ಎರಡು ಪುಟ ಗಟ್ಟಿಯಾಗಿ ಓದಿಸಿ. ನಾಲಿಗೆ ತೊಡರುವ ಅನುವಾದ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ದಪ್ಪ ಪುಸ್ತಕ ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತಿತ್ತು ಅಂತ ನನ್ನ ಅನುಮಾನ. ನೂರೈವತ್ತು ಪುಟಕ್ಕಿಂತ ದೊಡ್ಡದು ಈಗಲೇ ಬೇಡ. ಕುವೆಂಪು ನಿಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದವರು. ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯ ಬರುತ್ತಾರೆ, ಅವರ ಬೈಸಿಕಲ್ಲೂ ಬರುತ್ತದೆ. ಬಳಗ ಗಟ್ಟಿಯಾದ ಮೇಲೆ ಆ ಅಧ್ಯಾಯಗಳನ್ನಷ್ಟೇ ತಗೊಂಡು ಓದಬಹುದು. ಇಡೀ ಪುಸ್ತಕಕ್ಕೆ ಕೈ ಹಾಕಿದರೆ ವರ್ಷ ಬೇಕು.

ಮತ್ತೆ, ಕಾಫಿ ಕುಯ್ಲು ನೋಡಿಕೊಳ್ಳಿ. ನವೆಂಬರಿನಲ್ಲಿ ಅರೇಬಿಕಾ ಶುರುವಾದರೆ ರೋಬಸ್ಟಾ ಮುಗಿಯುವಾಗ ಮಾರ್ಚ್. ಆ ತಿಂಗಳುಗಳಲ್ಲಿ ಎಸ್ಟೇಟಿನವರಿಗೆ ಭಾನುವಾರವೂ ಕೆಲಸ ಇರಬಹುದು. ಆಗ ಒಂದು ಸಲಕ್ಕೆ ಮುಗಿಯುವ ಕತೆ ಮಾತ್ರ ಇಟ್ಟುಕೊಳ್ಳಿ, ತಪ್ಪಿಸಿಕೊಂಡವರಿಗೂ ನಷ್ಟ ಇಲ್ಲ. ಕಾದಂಬರಿ ಮಳೆಗಾಲಕ್ಕೆ. ಸಂಜೆ ಕರೆಂಟ್ ನಂಬುವ ಹಾಗಿಲ್ಲ, ಆದ್ದರಿಂದ ಆರಾಧನೆ ಮುಗಿದ ಕೂಡಲೇ ಕೂತುಬಿಡಿ.

ಪ್ರಶ್ನೆ: ನಾವು ಹಾಸನ ತಾಲ್ಲೂಕಿನವರು, ಕಥೋಲಿಕರು. ಚರ್ಚ್ ಹಾಲ್‌ನಲ್ಲಿ ಕ್ರೈಸ್ತರಲ್ಲದವರು ಬರೆದ ಪುಸ್ತಕ ಓದಬಹುದಾ? ನಮ್ಮಲ್ಲಿ ಕೆಲವರಿಗೆ ಇಷ್ಟವಿಲ್ಲ.
– ಓದುಗರು, ಹಾಸನ

ಉತ್ತರ: ಧಾರಾಳವಾಗಿ ಓದಿ. ಯೇಸುವಿನ ಶಿಲುಬೆಯ ದಿನದ ಬಗ್ಗೆ ಕನ್ನಡದಲ್ಲಿರುವ ದೊಡ್ಡ ಕಾವ್ಯ ‘ಗೊಲ್ಗೊಥಾ’. ಬರೆದವರು ಮಂಜೇಶ್ವರದ ಗೋವಿಂದ ಪೈ. ಅವರು ಕ್ರೈಸ್ತರಲ್ಲ. ಭಾಷೆ ಸ್ವಲ್ಪ ಬಿಗಿ, ಓದುವವರು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬರಬೇಕು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಕೊನೆಯ ವಾರಕ್ಕೆ ಇಟ್ಟುಕೊಂಡರೆ ಇಷ್ಟವಿಲ್ಲದವರ ಮನಸ್ಸೂ ತಿರುಗಬಹುದು.

ಆಮೇಲೆ ನಮ್ಮ ಹಾಸನದವರೇ ಆದ ಬಾನು ಮುಷ್ತಾಕ್ ಅವರ ಕತೆಗಳು. 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂದಾಗ ಊರೆಲ್ಲ ಹೆಮ್ಮೆಪಟ್ಟಿತು, ಓದಿದವರು ಎಷ್ಟು ಜನ? ‘ಎದೆಯ ಹಣತೆ’ ಕತೆಯಲ್ಲಿ ಗಂಡ ಬೇರೆ ಹೆಂಗಸಿನ ಹಿಂದೆ ಹೋಗಿದ್ದಾನೆ ಅಂತ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಮನೆತನದ ಮರ್ಯಾದೆ ಅಂತ ಅವಳನ್ನು ವಾಪಸ್ ಕರೆದುಕೊಂಡು ಹೋಗಿ ಬಿಡುತ್ತಾರೆ. ಇದು ಮುಸ್ಲಿಮರ ಮನೆಯ ಕತೆ ಅಂತ ದೂರ ಕೂರಲು ಆಗುತ್ತಾ? ನಮ್ಮ ಮನೆಗಳಲ್ಲೂ ‘ಹೊಂದಿಕೊಂಡು ಹೋಗಮ್ಮ, ಪ್ರಾರ್ಥನೆ ಮಾಡು’ ಅಂತ ಹೇಳಿ ಬಸ್ಸು ಹತ್ತಿಸುತ್ತೀವಲ್ಲ. ಈ ಕತೆ ಓದುವ ದಿನ ಗಂಡಸರು ತಪ್ಪದೆ ಬರುವ ಹಾಗೆ ನೋಡಿಕೊಳ್ಳಿ.

ನೀವು ಕಥೋಲಿಕರು ಅಂದಿದ್ದಕ್ಕೆ ಇನ್ನೊಂದು ಹೆಸರು. ಸಾಗರದ ನಾ. ಡಿಸೋಜ ಅವರ ‘ದ್ವೀಪ’. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನೀರು ಏರಿ ಏರಿ ಒಂದು ಮನೆಯ ಸುತ್ತ ನಿಲ್ಲುವ ಕತೆ. ಡಿಸೋಜರು ಅದೇ ಯೋಜನೆಯ ಕಡೆ ಸರ್ಕಾರಿ ಕೆಲಸದಲ್ಲಿದ್ದವರು, ಕಣ್ಣಾರೆ ಕಂಡು ಬರೆದರು. ನಮಗೆ ಶೆಟ್ಟಿಹಳ್ಳಿ ಇದೆ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ ಇಗರ್ಜಿ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ಫೋಟೋ ತೆಗೆಯಲು ಬೆಂಗಳೂರಿನಿಂದ ಕಾರುಗಳಲ್ಲಿ ಬರುತ್ತಾರೆ. ಅಲ್ಲಿ ಪೂಜೆಗೆ ಹೋಗುತ್ತಿದ್ದ ಮನೆಗಳವರು ನಿಮ್ಮ ಸುತ್ತಮುತ್ತಲೇ ಇರಬಹುದು. ‘ದ್ವೀಪ’ ಓದುವ ದಿನ ಅವರಲ್ಲಿ ಹಿರಿಯರೊಬ್ಬರನ್ನು ಕರೆಸಿ. ಮನೆ ಬಿಟ್ಟು ಬಂದ ದಿನ ಏನೇನು ಹೊತ್ತು ತಂದರು, ಏನು ಬಿಟ್ಟು ಬಂದರು ಅಂತ ಕೇಳಿ, ಹುಡುಗರ ಕೈಲಿ ಬರೆಸಿಡಿ. ಆ ತಲೆಮಾರಿನವರು ಈಗಲೇ ವಯಸ್ಸಾದವರು, ತಡ ಮಾಡಬೇಡಿ.

ಪ್ರಶ್ನೆ: ಇರೋದು ಒಂದೇ ಪುಸ್ತಕ, ನಾವು ಹನ್ನೆರಡು ಜನ. ಜೆರಾಕ್ಸ್ ಮಾಡಿಸಿ ಹಂಚಬಹುದಾ?
– ಓದುಗರು, ಸಕಲೇಶಪುರ

ಉತ್ತರ: ಇಡೀ ಪುಸ್ತಕ ಜೆರಾಕ್ಸ್ ಬೇಡ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಗೋವಿಂದ ಪೈ 1963ರಲ್ಲಿ ಹೋದವರು, ಅವರ ಕಾವ್ಯವನ್ನು ಈಗ ಪ್ರತಿ ಮಾಡಬಹುದು. ಟಾಲ್‌ಸ್ಟಾಯ್ 1910ರಲ್ಲೇ ಹೋದರು, ಆದರೆ ಕನ್ನಡಕ್ಕೆ ತಂದವರ ಹಕ್ಕು ಬೇರೆ, ಅದನ್ನು ನೋಡಬೇಕು. ಗಟ್ಟಿಯಾಗಿ ಓದುವುದಾದರೆ ಮೂರು ನಾಲ್ಕು ಪ್ರತಿ ಸಾಕು. ಜಿಲ್ಲಾ ಗ್ರಂಥಾಲಯದಲ್ಲಿ ಒಂದೆರಡು ಸಿಗುತ್ತವೆ, ಉಳಿದದ್ದು ಕೊಳ್ಳಿ. ಅಂಗಡಿಗೆ ಒಟ್ಟಿಗೆ ಆರ್ಡರ್ ಕೊಟ್ಟರೆ ರಿಯಾಯಿತಿ ಕೇಳಿ, ಕೊಡುತ್ತಾರೆ. ಅಕ್ಷರ ದೊಡ್ಡದಿರುವ ಮುದ್ರಣ ಇದೆಯಾ ಅಂತಲೂ ಆಗಲೇ ಕೇಳಿಬಿಡಿ.